ಮುಂದಿನ ವರ್ಷದ ತಂಡ

ಐವನ್ ರೈಟ್‌ಮನ್ ನಿರ್ದೇಶಿಸಿದ 'ಡ್ರಾಫ್ಟ್ ಡೇ' ಸಿನಿಮಾವನ್ನು ನಾನು ಎರಡು ಸಲ ನೋಡಿದ್ದೇನೆ. ಮೊದಲ ಸಲ ನೋಡಿದಾಗ ತುಂಬಾ ಇಷ್ಟವಾಗಿತ್ತು. 2022ರ ನಂತರ ಇನ್ನೊಮ್ಮೆ ನೋಡಲು ಕೂತಾಗ ಕೊನೆಯ ಭಾಗ ಬರುವಷ್ಟರಲ್ಲಿ ಕಸಿವಿಸಿಯಾಗತೊಡಗಿತು. ಸಿನಿಮಾ ಅದೇ ಇತ್ತು. ಅದು ಯಾವ ತಂಡದ ಕತೆ ಹೇಳುತ್ತದೋ ಆ ತಂಡ ಈ ನಡುವೆ ಒಂದು ಕೆಲಸ ಮಾಡಿಬಿಟ್ಟಿತ್ತು.

ತಂಡದ ಹೆಸರು ಕ್ಲೀವ್‌ಲ್ಯಾಂಡ್ ಬ್ರೌನ್ಸ್. ಅಮೆರಿಕದ ಓಹಾಯೊ ರಾಜ್ಯದ ಈ ತಂಡ ಕೊನೆಯ ಸಲ ಚಾಂಪಿಯನ್ ಆಗಿದ್ದು 1964ರಲ್ಲಿ. ನಾವು ಫುಟ್‌ಬಾಲ್ ಎಂದು ಕರೆಯುವ ಆಟ ಇದಲ್ಲ. ಕೈಯಲ್ಲಿ ಚೆಂಡು ಹಿಡಿದು, ಒಬ್ಬರ ಮೇಲೊಬ್ಬರು ಬಿದ್ದು ಆಡುವ ಅಮೆರಿಕನ್ ಫುಟ್‌ಬಾಲ್. ಇದರಲ್ಲಿ ಕ್ವಾರ್ಟರ್‌ಬ್ಯಾಕ್ ಎಂಬವನೊಬ್ಬನಿರುತ್ತಾನೆ. ತಂಡದ ದಾಳಿ ಶುರುವಾಗುವುದೇ ಅವನ ಕೈಗೆ ಚೆಂಡು ಬಂದಾಗ. ಅದನ್ನು ಯಾರಿಗೆ ಎಸೆಯಬೇಕು, ಯಾರ ಕೈಗೆ ಕೊಡಬೇಕು ಎಂದು ಎರಡು ಮೂರು ಸೆಕೆಂಡಿನಲ್ಲಿ ತೀರ್ಮಾನಿಸುವವನು ಅವನು. ಒಳ್ಳೆಯ ಕ್ವಾರ್ಟರ್‌ಬ್ಯಾಕ್ ಇಲ್ಲದ ತಂಡವೆಂದರೆ ಭಾಗವತರಿಲ್ಲದ ಯಕ್ಷಗಾನ ಮೇಳದ ಹಾಗೆ. ವೇಷಧಾರಿಗಳು ಎಷ್ಟೇ ಚೆನ್ನಾಗಿದ್ದರೂ ಪ್ರಸಂಗ ಮುಂದಕ್ಕೆ ಹೋಗುವುದಿಲ್ಲ.

ಇನ್ನೊಂದು ಸಂಗತಿ ಡ್ರಾಫ್ಟ್. ಕಾಲೇಜಿನಿಂದ ಬರುವ ಹೊಸ ಆಟಗಾರರನ್ನು ತಂಡಗಳು ಪ್ರತಿ ವರ್ಷ ಸರದಿಯ ಮೇಲೆ ಆರಿಸಿಕೊಳ್ಳುತ್ತವೆ. ಹಿಂದಿನ ವರ್ಷ ಎಲ್ಲರಿಗಿಂತ ಕೆಟ್ಟದಾಗಿ ಆಡಿದ ತಂಡಕ್ಕೆ ಮೊದಲ ಸರದಿ. ಆರ್‌ಸಿಬಿಗಾಗಿ ಹದಿನೆಂಟು ವರ್ಷ ಕಾದ ನಮಗೆ ಕಾಯುವುದೇನು ಹೊಸದಲ್ಲ, ಆದರೆ ಐಪಿಎಲ್ ಹರಾಜಿನಲ್ಲಿ ಸೋತವನಿಗೆ ಬಹುಮಾನವಿಲ್ಲ. ಇಲ್ಲಿ ಇದೆ. ಅಷ್ಟೇ ಅಲ್ಲ, ಮುಂದಿನ ವರ್ಷಗಳ ಸರದಿಯನ್ನೂ ಇವತ್ತೇ ಇನ್ನೊಂದು ತಂಡಕ್ಕೆ ಕೊಟ್ಟುಬಿಡಬಹುದು. ಯಾರೆಂದು ಇನ್ನೂ ಗೊತ್ತೇ ಇಲ್ಲದ ಹುಡುಗನೊಬ್ಬನನ್ನು ಆರಿಸುವ ಹಕ್ಕನ್ನು ಮಾರಬಹುದು, ಕೊಳ್ಳಬಹುದು. ಕ್ಲೀವ್‌ಲ್ಯಾಂಡಿನ ಅಭಿಮಾನಿಗಳ ಜಗಳವೆಲ್ಲ ಹುಟ್ಟುವುದು ಇಲ್ಲಿಂದಲೇ. ಒಬ್ಬ ಹೇಳುತ್ತಾನೆ: ಇರುವುದನ್ನೆಲ್ಲ ಕೊಟ್ಟಾದರೂ ಒಬ್ಬ ಕ್ವಾರ್ಟರ್‌ಬ್ಯಾಕನ್ನು ತನ್ನಿ. ಇನ್ನೊಬ್ಬ ಹೇಳುತ್ತಾನೆ: ಅವನನ್ನು ಕಾಯುವ ಸಾಲು ಗಟ್ಟಿಯಿಲ್ಲದಿದ್ದರೆ ಎಂಥ ಹುಡುಗನನ್ನು ತಂದರೂ ಮುರಿದುಹೋಗುತ್ತಾನೆ, ಮೊದಲು ತಳಪಾಯ ಹಾಕಿ, ನಾಲ್ಕು ವರ್ಷ ಸೋತರೂ ಚಿಂತೆಯಿಲ್ಲ.

ಸಿನಿಮಾ ಈ ಜಗಳವನ್ನು ಒಂದು ಹಗಲಿಗೆ ಇಳಿಸುತ್ತದೆ. ಕೆವಿನ್ ಕಾಸ್ಟ್ನರ್ ಮಾಡಿರುವ ಸನ್ನಿ ವೀವರ್ ಎಂಬ ಜನರಲ್ ಮ್ಯಾನೇಜರ್, ಮಾಲೀಕನ ಒತ್ತಡಕ್ಕೆ ಸಿಕ್ಕಿ, ಮೊದಲ ಸುತ್ತಿನ ಮೂರು ಸರದಿಗಳನ್ನು ಸಿಯಾಟಲ್ ತಂಡಕ್ಕೆ ಕೊಟ್ಟು ಆ ವರ್ಷದ ಮೊಟ್ಟಮೊದಲ ಸರದಿಯನ್ನು ಕೊಳ್ಳುತ್ತಾನೆ. ಎಲ್ಲರೂ ಹೊಗಳುವ ಬೋ ಕ್ಯಾಲಹನ್ ಎಂಬ ಕ್ವಾರ್ಟರ್‌ಬ್ಯಾಕ್ ಈಗ ಅವನ ಕೈಗೆ ಸಿಗುತ್ತಾನೆ. ಆದರೆ ಸನ್ನಿಗೆ ಒಂದು ವಿಷಯ ಕೊರೆಯತೊಡಗುತ್ತದೆ. ಈ ಹುಡುಗನ ಹುಟ್ಟುಹಬ್ಬಕ್ಕೆ ತಂಡದ ಒಬ್ಬ ಗೆಳೆಯನೂ ಬಂದಿರಲಿಲ್ಲವಂತೆ. ಯಾಕೆ ಎಂದು ಕೇಳಿದರೆ ಉತ್ತರ ನೇರವಾಗಿಲ್ಲ. ಕೊನೆಗೆ ಸನ್ನಿ ಕ್ಯಾಲಹನ್‌ನನ್ನು ಬಿಟ್ಟು, ಬೆಳಿಗ್ಗೆಯೇ ಚೀಟಿಯಲ್ಲಿ ಹೆಸರು ಬರೆದಿಟ್ಟುಕೊಂಡಿದ್ದ ವಾಂಟೆ ಮ್ಯಾಕ್ ಎಂಬ ರಕ್ಷಣಾ ಆಟಗಾರನನ್ನು ಆರಿಸುತ್ತಾನೆ. ಆಮೇಲೆ ಫೋನಿನಲ್ಲೇ ಚೌಕಾಸಿ ಮಾಡಿ ಕೊಟ್ಟಿದ್ದ ಸರದಿಗಳನ್ನೆಲ್ಲ ವಾಪಸ್ ಪಡೆಯುತ್ತಾನೆ!

ಕುಶಲವಾಗಿ ಕಟ್ಟಿದ ಸಿನಿಮಾ. ದೂರದೂರದ ಊರುಗಳಲ್ಲಿ ಕೂತು ಫೋನಿನಲ್ಲಿ ಮಾತಾಡುವವರನ್ನು ಒಂದೇ ಪರದೆಯಲ್ಲಿ ಇಬ್ಭಾಗ ಮಾಡಿ ತೋರಿಸುತ್ತಾರೆ. ಒಮ್ಮೊಮ್ಮೆ ಒಬ್ಬನ ಭುಜ ಗೆರೆ ದಾಟಿ ಇನ್ನೊಬ್ಬನ ಕೋಣೆಗೆ ಬಂದುಬಿಡುತ್ತದೆ. ವ್ಯಾಪಾರ ಅನ್ನುವುದು ಎಷ್ಟು ಮೈಗೆ ಮೈ ತಾಗುವ ವ್ಯವಹಾರ ಎಂದು ಇಷ್ಟು ಹಗುರವಾಗಿ ತೋರಿಸಿದ್ದನ್ನು ನಾನು ಬೇರೆ ಕಡೆ ನೋಡಿಲ್ಲ. ನನ್ನ ತಕರಾರು ಕತೆಯ ಬುಡದಲ್ಲಿರುವ ನಂಬಿಕೆಯ ಬಗ್ಗೆ. ಸರಿಯಾದ ಪ್ರಶ್ನೆ ಕೇಳಿದರೆ ಆಟಗಾರನ ಗುಣ ತಿಳಿಯುತ್ತದೆ, ಗುಣ ತಿಳಿದ ಮ್ಯಾನೇಜರ್ ಪ್ರತಿಭೆಯನ್ನು ಬಿಟ್ಟುಕೊಡುತ್ತಾನೆ, ಹಾಗೆ ಬಿಟ್ಟವನಿಗೆ ನಷ್ಟವಾಗುವುದಿಲ್ಲ. ಈ ಮೂರನ್ನೂ ಸಿನಿಮಾ ಒಂದೇ ಗಂಟಿನಲ್ಲಿ ಕಟ್ಟಿ ಕೊಡುತ್ತದೆ. ಒಳ್ಳೆಯತನಕ್ಕೆ ಬೆಲೆ ತೆರಬೇಕಾಗಿಲ್ಲದ ಲೋಕ ಅದು. (ಈ ಕತೆ ಮೊದಲು ಬಫಲೊ ತಂಡದ್ದಾಗಿತ್ತು, ಓಹಾಯೊದಲ್ಲಿ ಚಿತ್ರೀಕರಣ ಅಗ್ಗವೆಂದು ಕ್ಲೀವ್‌ಲ್ಯಾಂಡಿಗೆ ಬಂತು. ಈ ಊರಿಗೆ ಇಂಥ ಅದೃಷ್ಟವೂ ರಿಯಾಯಿತಿಯಲ್ಲೇ ಸಿಗಬೇಕು.)

ಇನ್ನು ನಿಜವಾಗಿ ನಡೆದದ್ದು. 1995ರಲ್ಲಿ ಆಗಿನ ಮಾಲೀಕ ತಂಡವನ್ನು ಬಾಲ್ಟಿಮೋರಿಗೆ ಸಾಗಿಸುವುದಾಗಿ ಘೋಷಿಸಿದ. ಹೆಸರು, ಬಣ್ಣ, ಇತಿಹಾಸ ಊರಿನಲ್ಲೇ ಉಳಿದವು, ಆಟಗಾರರು ಹೋದರು. 1999ರಲ್ಲಿ ಅದೇ ಹೆಸರಿನಲ್ಲಿ ಹೊಸ ತಂಡ ಬಂತು, ಮೊದಲ ಸರದಿಯಲ್ಲೇ ಟಿಮ್ ಕೌಚ್ ಎಂಬ ಕ್ವಾರ್ಟರ್‌ಬ್ಯಾಕನ್ನು ಆರಿಸಿತು. ಆತ ಹೋದ, ಇನ್ನೊಬ್ಬ ಬಂದ, ಮತ್ತೊಬ್ಬ ಬಂದ. ಅಭಿಮಾನಿಯೊಬ್ಬ ಕೌಚ್‌ನ ಜೆರ್ಸಿಯ ಬೆನ್ನ ಮೇಲೆ ಹೊಸಬರ ಹೆಸರುಗಳನ್ನು ಒಂದರ ಕೆಳಗೊಂದು ಅಂಟಿಸುತ್ತ ಕಚೇರಿಯ ಕಿಟಕಿಯಲ್ಲಿ ತೂಗುಹಾಕಿದ್ದ. ಹೆಸರುಗಳು ಎರಡು ಡಜನ್ ದಾಟಿದವು. ಈ ತಂಡದ ಬಗ್ಗೆ ಬಂದ ಎಲ್ಲ ಬರಹಗಳಲ್ಲಿ ನನಗೆ ಅತ್ಯುತ್ತಮ ಅನ್ನಿಸುವುದು ಆ ಜೆರ್ಸಿ. ಅದರಲ್ಲಿ ವಾದವಿಲ್ಲ, ಪಟ್ಟಿ ಮಾತ್ರ ಇದೆ.

2016ರಲ್ಲಿ ತಾಳ್ಮೆಯ ಪಕ್ಷ ಗೆದ್ದಿತು. ಹೊಸ ಆಡಳಿತ ಲೆಕ್ಕಾಚಾರವನ್ನು ನಂಬಿತ್ತು. ಇವತ್ತಿನ ಒಂದು ಸರದಿ ಕೊಟ್ಟು ನಾಳೆಯ ಹಲವು ಸರದಿ ಪಡೆಯುವುದು ಅದರ ಸೂತ್ರ. ಆ ವರ್ಷದ ಎರಡನೇ ಸರದಿಯನ್ನು ಫಿಲಡೆಲ್ಫಿಯಾಕ್ಕೆ ಕೊಟ್ಟರು. ಆ ತಂಡ ಕಾರ್ಸನ್ ವೆಂಟ್ಜ್ ಎಂಬ ಕ್ವಾರ್ಟರ್‌ಬ್ಯಾಕನ್ನು ಆರಿಸಿತು, 2018ರ ಫೆಬ್ರುವರಿಯಲ್ಲಿ ಸೂಪರ್ ಬೌಲ್ ಗೆದ್ದಿತು. ತಮಾಷೆಯೆಂದರೆ, ಆ ದಿನ ವೆಂಟ್ಜ್ ಗಾಯಗೊಂಡು ಹೊರಗಿದ್ದ, ಗೆಲ್ಲಿಸಿದ್ದು ಬದಲಿ ಆಟಗಾರ ನಿಕ್ ಫೋಲ್ಸ್. ಯಾವ ಸಿದ್ಧಾಂತಕ್ಕೆ ಇದು ಸಾಕ್ಷಿಯೋ ನೀವೇ ಹೇಳಿ. ಫಿಲಡೆಲ್ಫಿಯಾದಿಂದ ಬಂದ 2017ರ ಹನ್ನೆರಡನೇ ಸರದಿಯನ್ನು ಬ್ರೌನ್ಸ್ ಹ್ಯೂಸ್ಟನ್‌ಗೆ ದಾಟಿಸಿತು. ಹ್ಯೂಸ್ಟನ್ ಅದರಲ್ಲಿ ಆರಿಸಿದ್ದು ದೆಶಾನ್ ವಾಟ್ಸನ್‌ನನ್ನು. ಬ್ರೌನ್ಸ್ 2016ರಲ್ಲಿ ಹದಿನಾರು ಪಂದ್ಯಗಳಲ್ಲಿ ಒಂದನ್ನು ಗೆದ್ದಿತ್ತು, 2017ರಲ್ಲಿ ಒಂದನ್ನೂ ಗೆಲ್ಲಲಿಲ್ಲ.

ಸೋಲು ಫಲವನ್ನೇನೂ ಕೊಡಲಿಲ್ಲವೆಂದಲ್ಲ. 2018ರ ಮೊದಲ ಸರದಿಯಲ್ಲಿ ಬೇಕರ್ ಮೇಫೀಲ್ಡ್ ಬಂದ. 2021ರ ಜನವರಿಯಲ್ಲಿ ಪಿಟ್ಸ್‌ಬರ್ಗ್ ತಂಡವನ್ನು ಅದರದೇ ಅಂಗಳದಲ್ಲಿ 48-37ರಿಂದ ಸೋಲಿಸಿ, ತಂಡ ಊರಿಗೆ ಮರಳಿದ ಮೇಲಿನ ಮೊದಲ ಪ್ಲೇಆಫ್ ಗೆಲುವು ಕಂಡಿತು. ಮುಂದಿನ ವರ್ಷ ಮೇಫೀಲ್ಡ್ ಭುಜದ ಗಾಯದಲ್ಲಿ ಆಡಿದ, ತಂಡ ಮುಗ್ಗರಿಸಿತು, ತಾಳ್ಮೆ ತೀರಿತು. 2022ರ ಮಾರ್ಚ್‌ನಲ್ಲಿ ಬ್ರೌನ್ಸ್ ಮೊದಲ ಸುತ್ತಿನ ಮೂರು ಸರದಿಗಳನ್ನೂ ಇನ್ನಷ್ಟನ್ನೂ ಹ್ಯೂಸ್ಟನ್‌ಗೆ ಕೊಟ್ಟು ಅದೇ ವಾಟ್ಸನ್‌ನನ್ನು ತಂದಿತು. ಐದು ವರ್ಷಕ್ಕೆ 23 ಕೋಟಿ ಡಾಲರ್, ಪೂರ್ತಿ ಖಾತರಿ.

ಆಗ ವಾಟ್ಸನ್ ಮೇಲೆ ಇಪ್ಪತ್ತಕ್ಕೂ ಹೆಚ್ಚು ಮಹಿಳೆಯರು ಲೈಂಗಿಕ ದುರ್ನಡತೆಯ ಸಿವಿಲ್ ದಾವೆ ಹೂಡಿದ್ದರು. ಆತ ಆರೋಪಗಳನ್ನು ನಿರಾಕರಿಸಿದ. ಟೆಕ್ಸಾಸಿನ ಎರಡು ಗ್ರ್ಯಾಂಡ್ ಜ್ಯೂರಿಗಳು ಕ್ರಿಮಿನಲ್ ಆರೋಪ ಹೊರಿಸಲಿಲ್ಲ. ಲೀಗ್ ಆತನನ್ನು 11 ಪಂದ್ಯ ಹೊರಗಿಟ್ಟು, 50 ಲಕ್ಷ ಡಾಲರ್ ದಂಡ ಹಾಕಿತು. ಸಿನಿಮಾದಲ್ಲಿ ಇದೇ ತಂಡ, ಇಷ್ಟೇ ಸರದಿಗಳು, ಒಬ್ಬ ಕ್ವಾರ್ಟರ್‌ಬ್ಯಾಕ್, ಅವನ ನಡತೆಯ ಬಗ್ಗೆ ಒಂದು ಪ್ರಶ್ನೆ. ಅಲ್ಲಿ ಹುಟ್ಟುಹಬ್ಬಕ್ಕೆ ಗೆಳೆಯರು ಬಾರದಿದ್ದುದೇ ಬೇಡವೆನ್ನಲು ಸಾಕಾಯಿತು.

ನನ್ನನ್ನು ಕಾಡಿದ್ದು ಆಮೇಲಿನ ಮಾತು. ಕೆಲವು ಅಭಿಮಾನಿಗಳು ತಂಡವನ್ನೇ ಬಿಟ್ಟರು, ಕೆಲವರು ಅತ್ಯಾಚಾರ ಸಂತ್ರಸ್ತರಿಗೆ ನೆರವಾಗುವ ಊರಿನ ಸಂಸ್ಥೆಗೆ ಹಣ ಕಳಿಸಿದರು. ಆದರೆ ವಾದ ಮುಂದುವರಿದದ್ದು ಹಳೆಯ ಶಬ್ದಕೋಶದಲ್ಲೇ: ಮೂರು ಸರದಿ ಹೆಚ್ಚಾಯಿತೇ, ಖಾತರಿ ಹಣ ಸಂಬಳದ ಮಿತಿಯನ್ನು ಎಷ್ಟು ನುಂಗುತ್ತದೆ, ಗೆಲ್ಲುವ ಕಾಲಾವಕಾಶ ಎಷ್ಟು ವರ್ಷ. ಈ ಶಬ್ದಕೋಶದಲ್ಲಿ ಆ ಹೆಂಗಸರಿಗೆ ಒಂದು ಪದವೂ ಇರಲಿಲ್ಲ. ಇದ್ದದ್ದು 'ರಿಸ್ಕ್' ಒಂದೇ, ಅದೂ ತಂಡಕ್ಕಾಗುವ ರಿಸ್ಕ್. ಇಪ್ಪತ್ತು ವರ್ಷ ಮ್ಯಾನೇಜರನ ಭಾಷೆಯಲ್ಲಿ ಮಾತಾಡುತ್ತ ಬಂದ ಅಭಿಮಾನಿಗೆ, ಮ್ಯಾನೇಜರನಿಗೆ ಇಲ್ಲದ ಒಂದು ಹಕ್ಕು ತನಗಿದೆ ಎಂಬುದೇ ಮರೆತಿತ್ತು. ಅವನಿಗೆ ಲಾಭನಷ್ಟ ನೋಡದೆ 'ಬೇಡ' ಅನ್ನಬಹುದಿತ್ತು. ಲೆಕ್ಕ ಬಂದವರ ಚರ್ಚೆಯಲ್ಲಿ ಹಾಗೆ ಅಂದವನು ಅಳುಬುರುಕನಂತೆ ಕಾಣುತ್ತಾನೆ, ನಿಜ.

ಈ ಜಾಗದಲ್ಲಿ ನನಗೆ ಫ್ರೆಡರಿಕ್ ಎಕ್ಸ್‌ಲಿಯ 'ಎ ಫ್ಯಾನ್ಸ್ ನೋಟ್ಸ್' ನೆನಪಾಗುತ್ತದೆ. 1968ರಲ್ಲಿ ಬಂದ, ಅರ್ಧ ಆತ್ಮಕತೆ ಅರ್ಧ ಕಾದಂಬರಿಯಾದ ಪುಸ್ತಕ. ಕುಡಿತ, ಮನೋರೋಗದ ಆಸ್ಪತ್ರೆ, ನಿಲ್ಲದ ಕೆಲಸಗಳ ನಡುವೆ ನಿರೂಪಕನನ್ನು ಹಿಡಿದಿಡುವುದು ನ್ಯೂಯಾರ್ಕ್ ಜೈಂಟ್ಸ್ ತಂಡ, ಅದರಲ್ಲೂ ಫ್ರಾಂಕ್ ಗಿಫರ್ಡ್ ಎಂಬ ಆಟಗಾರ. ಗಿಫರ್ಡ್ ಮತ್ತು ಎಕ್ಸ್‌ಲಿ ಒಂದೇ ವಿಶ್ವವಿದ್ಯಾಲಯದಲ್ಲಿ ಓದಿದವರು. ಒಬ್ಬ ಮೈದಾನಕ್ಕೆ ಹೋದ, ಒಬ್ಬ ಗ್ಯಾಲರಿಯಲ್ಲಿ ಉಳಿದ. ತಾನು ನೋಡುವವನು ಮಾತ್ರ ಎಂಬುದನ್ನು ನಿರೂಪಕ ಒಪ್ಪಿಕೊಳ್ಳುವ ಕಷ್ಟವೇ ಪುಸ್ತಕದ ಕತೆ. ಈ ನಿರೂಪಕ ಸುಲಭವಾಗಿ ಪ್ರೀತಿಸಬಹುದಾದ ಮನುಷ್ಯನಲ್ಲ, ಹೆಂಗಸರ ಬಗ್ಗೆ ಅವನ ಮಾತುಗಳು ಇವತ್ತು ಚುಚ್ಚುತ್ತವೆ. ಆದರೂ ಅವನು ತಂಡ ಕಟ್ಟುವ ಸಲಹೆ ಕೊಡುವವನಲ್ಲ. ತನ್ನ ಬದುಕಿನ ಯಾವ ತೂತನ್ನು ಈ ಆಟ ಮುಚ್ಚುತ್ತಿದೆ ಎಂದು ಕೇಳಿಕೊಳ್ಳುತ್ತಾನೆ. ಸರದಿ, ಸಂಬಳ, ಮಿತಿ ಎಂದು ಮಾತಾಡುವಾಗ ಈ ಪ್ರಶ್ನೆ ಏಳುವುದೇ ಇಲ್ಲ. ಬಹುಶಃ ಅದಕ್ಕೇ ಆ ಮಾತು ಅಷ್ಟು ಹಿತವಾಗಿರುತ್ತದೆ.

ಕ್ಲೀವ್‌ಲ್ಯಾಂಡಿನವರು ಅಭಿಮಾನಿಗಳಾಗಿಯೇ ಮಾತಾಡಿದ ಒಂದು ದಿನವೂ ಇದೆ. 2018ರ ಜನವರಿ 6. ಒಂದೂ ಗೆಲ್ಲದ ಆ ಋತುವನ್ನು 'ಪರಿಪೂರ್ಣ ಋತು' ಎಂದು ಕರೆದು, ಮೈ ಕೊರೆಯುವ ಚಳಿಯಲ್ಲಿ ಸಾವಿರಾರು ಜನ ಸ್ಟೇಡಿಯಮ್ಮಿನ ಸುತ್ತ ಮೆರವಣಿಗೆ ಹೊರಟರು. ಅವರು ನಡೆದ ದಾರಿ ಸೊನ್ನೆಯ ಆಕಾರದಲ್ಲಿತ್ತು. ಊರಿನ ಹಸಿದವರಿಗೆ ಊಟ ಒದಗಿಸುವ ಫುಡ್ ಬ್ಯಾಂಕಿಗೆ ಅದೇ ನೆಪದಲ್ಲಿ ದೇಣಿಗೆ ಸೇರಿತು. ಕೆಲವು ಆಟಗಾರರಿಗೆ ಸಿಟ್ಟು ಬಂತು, ಬರಬೇಕಾದದ್ದೇ. ಅಲ್ಲಿ ಯಾರೂ ತಂಡ ಹೇಗೆ ಕಟ್ಟಬೇಕೆಂದು ಹೇಳುತ್ತಿರಲಿಲ್ಲ. ನಮಗೆ ಹೀಗಾಗಿದೆ ಎಂದಷ್ಟೇ ಹೇಳುತ್ತಿದ್ದರು.

ವಾಟ್ಸನ್ ಬಂದ ಮೇಲಿನ ಲೆಕ್ಕ ಚುಟುಕಾಗಿದೆ. 2023ರಲ್ಲಿ ಆತ ಗಾಯಗೊಂಡಾಗ 38 ವರ್ಷದ ಜೋ ಫ್ಲಾಕೊ ಬಂದು ತಂಡವನ್ನು ಪ್ಲೇಆಫ್‌ಗೆ ತಲುಪಿಸಿದ. ಬಿಟ್ಟುಕೊಟ್ಟ ಮೇಫೀಲ್ಡ್ ಟ್ಯಾಂಪಾದಲ್ಲಿ ಚೆನ್ನಾಗಿ ಆಡತೊಡಗಿದ. 2024ರಲ್ಲಿ ಹದಿನೇಳರಲ್ಲಿ ಮೂರೇ ಗೆಲುವು. ಬಹುಮಾನವಾಗಿ ಎರಡನೇ ಸರದಿ. 2025ರ ಏಪ್ರಿಲ್‌ನಲ್ಲಿ ಬ್ರೌನ್ಸ್ ಅದನ್ನು ಕೊಟ್ಟು, ಬದಲಿಗೆ ಐದನೇ ಸರದಿಯ ಜೊತೆಗೆ 2026ರ ಮೊದಲ ಸುತ್ತಿನ ಇನ್ನೊಂದು ಸರದಿಯನ್ನು ಪಡೆಯಿತು. ಕೆಳಗಿನ ಸುತ್ತುಗಳಲ್ಲಿ ಇಬ್ಬರು ಕ್ವಾರ್ಟರ್‌ಬ್ಯಾಕುಗಳನ್ನೂ ಆರಿಸಿತು. ವ್ಯಾಪಾರ ಕುದುರಿದ್ದು ಜ್ಯಾಕ್ಸನ್‌ವಿಲ್ ತಂಡದೊಂದಿಗೆ. ಸಿನಿಮಾದಲ್ಲೂ ಕೊನೆಗೆ ಸನ್ನಿಯ ಮಾತಿಗೆ ಮರುಳಾಗುವವನು ಜ್ಯಾಕ್ಸನ್‌ವಿಲ್‌ನ ಮ್ಯಾನೇಜರೇ.