ಗ್ರೀಕರ ಹಬ್ಬದಲ್ಲಿ ಒಂದು ಶನಿವಾರ

ನಮ್ಮೂರಿನ ಗ್ರೀಕ್ ಆರ್ಥೊಡಾಕ್ಸ್ ಚರ್ಚಿನವರು ವರ್ಷವರ್ಷವೂ ನಡೆಸುವ ಹಬ್ಬಕ್ಕೆ ಈ ಸಲ ನಾವು ಮೂರು ಮನೆಯವರು ಜೊತೆಯಾಗಿ ಹೋಗಿದ್ದೆವು. ನಮ್ಮಲ್ಲಿ ಹೆಚ್ಚಿನವರಿಗೆ ಅದು ಬಕ್ಲಾವಾ ತಿಂದು ಬರುವ ಜಾಗ, ಅಷ್ಟೆ. ಈ ಬಾರಿ ರಾಜ್ಯೋತ್ಸವದ ತಯಾರಿ ತಲೆಯಲ್ಲಿದ್ದುದರಿಂದ ಸ್ವಲ್ಪ ಕಣ್ಣು ತೆರೆದು ನೋಡಿದೆವು.

ಮೊದಲು ಊಟದ ವಿಚಾರ. ಸುವ್ಲಾಕಿ, ಯೀರೊ, ಪಾಸ್ತಿತ್ಸಿಯೊ ಎಲ್ಲವೂ ಮಾಂಸದವು. ಸಸ್ಯಾಹಾರಿಗಳಿಗೆ ಉಳಿದದ್ದು ಪಾಲಕ್ ಮತ್ತು ಫೆಟಾ ಚೀಸ್ ತುಂಬಿದ ಸ್ಪಾನಾಕೋಪಿತಾ. ಕಾಗದದಷ್ಟು ತೆಳುವಾದ ಅದರ ಪದರಗಳನ್ನು ಕಂಡು ನಮ್ಮ ಅತ್ತೆಯವರು "ಇದು ಖಾರದ ಚಿರೋಟಿ" ಎಂದು ತೀರ್ಪು ಕೊಟ್ಟರು. ರುಚಿಗೆ ದೂರಿಲ್ಲ. ನಮ್ಮ ತಕರಾರು ಬೇರೆ. ಆರ್ಥೊಡಾಕ್ಸ್ ಪದ್ಧತಿಯಲ್ಲಿ ಬುಧವಾರ, ಶುಕ್ರವಾರ ಉಪವಾಸ. ಈಸ್ಟರಿಗೆ ಮುಂಚಿನ ವಾರಗಳಲ್ಲಂತೂ ಮಾಂಸ, ಹಾಲು, ಮೊಟ್ಟೆ ಯಾವುದೂ ಇಲ್ಲ. ಈ ವ್ರತಗಳಿಂದಾಗಿಯೇ ಕಡಲೆ, ಬೀನ್ಸ್, ಸೊಪ್ಪು, ಆಲಿವ್ ಎಣ್ಣೆಯ ಸೊಗಸಾದ ಅಡುಗೆ ಅವರಲ್ಲಿ ಬೆಳೆದಿದೆ. ಚರ್ಚು ನಡೆಸುವ ಹಬ್ಬದಲ್ಲೇ ಅದರ ಸುಳಿವಿಲ್ಲ! ಅತಿಥಿಗಳು ಕೇಳುವುದನ್ನೇ ಕೊಟ್ಟಿದ್ದಾರೆ. ಆದರೆ ನಾವು ಮಾತಾಡುವಂತಿಲ್ಲ. ಹೊರಗಿನವರನ್ನು ಕರೆದಾಗ ನಾವು ಸಮೋಸ ಇಟ್ಟೆವೇ ಹೊರತು ಮುದ್ದೆ, ಬಸ್ಸಾರು ಇಡಲಿಲ್ಲ.

ಕುಣಿತ ಮಾತ್ರ ನಿಜಕ್ಕೂ ನೋಡುವಂಥದ್ದು. ಐದಾರು ವರ್ಷದ ಮಕ್ಕಳಿಂದ ಹಿಡಿದು ಕಾಲೇಜಿನವರ ತನಕ ವಯಸ್ಸಿಗೆ ತಕ್ಕ ತಂಡಗಳು. ಕೈ ಕೈ ಹಿಡಿದು ಸಾಲಾಗಿ ಕುಣಿಯುವ ಕಲಾಮತಿಯಾನೋಸ್ ನೃತ್ಯಕ್ಕೆ ಏಳರ ಲೆಕ್ಕ: ಮೂರು, ಎರಡು, ಎರಡು. ನಮ್ಮ ಜೊತೆ ಬಂದಿದ್ದ ಸಂಗೀತದ ಟೀಚರ್ ಅಲ್ಲಿಯೇ ತೊಡೆ ತಟ್ಟಿ, "ಅರೆ, ಇದು ತಿಶ್ರ ತ್ರಿಪುಟ!" ಎಂದು ಕುಣಿದಾಡಿದರು. ಮಕ್ಕಳ ಪ್ರದರ್ಶನ ಮುಗಿದ ಮೇಲೆ ಸಾಲು ನಿಲ್ಲಲಿಲ್ಲ. ತಾತಂದಿರು ಸೇರಿದರು, ಅಡುಗೆಮನೆಯಿಂದ ಏಪ್ರನ್ ಕಟ್ಟಿಕೊಂಡೇ ಇಬ್ಬರು ಹೆಂಗಸರು ಬಂದರು, ನೋಡುತ್ತ ನಿಂತಿದ್ದ ನಮ್ಮ ಕೈಯನ್ನೂ ಯಾರೋ ಎಳೆದುಕೊಂಡರು. ಹೆಜ್ಜೆ ತಪ್ಪಿದರೂ ಯಾರೂ ನಗಲಿಲ್ಲ. ನಮ್ಮ ಸಭಾಂಗಣದಲ್ಲಿ ಏನಾಗುತ್ತದೆ? ಸ್ವಂತ ಮಗುವಿನ ಐಟಂ ಫೋನಿನಲ್ಲಿ ಹಿಡಿದುಕೊಂಡು ಊಟದ ಕ್ಯೂಗೆ ಓಡುತ್ತೇವೆ.

ಚರ್ಚಿನ ಒಳಗೂ ಹೋಗಿ ಬಂದೆವು. ಚಿತ್ರಪಟಗಳ ಮೇಲೆ ಗ್ರೀಕ್ ಅಕ್ಷರಗಳು, ವಿವರಣೆಯೆಲ್ಲ ಇಂಗ್ಲಿಷಿನಲ್ಲಿ. ಹೊರಗೆ ಮೈಕಿನಲ್ಲಿಯೂ ಇಂಗ್ಲಿಷೇ. ಚೆನ್ನಾಗಿ ಕುಣಿದ ಹುಡುಗಿಯೊಬ್ಬಳನ್ನು ಆ ಹಾಡಿನ ಅರ್ಥವೇನಮ್ಮ ಎಂದು ಕೇಳಿದೆವು. "ಗೊತ್ತಿಲ್ಲ, ಅಜ್ಜಿಯನ್ನು ಕೇಳಬೇಕು" ಎಂದು ನಕ್ಕಳು. ಅಜ್ಜಿ ಲುಕುಮಾದೆಸ್ ಕರಿದು ಜೇನಿನಲ್ಲಿ ಅದ್ದುವುದರಲ್ಲಿ ಮುಳುಗಿದ್ದರು.

ಅವರು ನಮಗಿಂತ ಎರಡು ತಲೆಮಾರು ಮುಂದೆ ಬಂದವರು. ಗ್ರೀಕರು ದೊಡ್ಡ ಸಂಖ್ಯೆಯಲ್ಲಿ ಈ ದೇಶಕ್ಕೆ ಬಂದದ್ದು 1890ರ ನಂತರ. 1924ರ ಕಾಯಿದೆ ಆ ಬಾಗಿಲನ್ನು ಹೆಚ್ಚುಕಡಿಮೆ ಮುಚ್ಚಿತು. ನಮಗೆ ಬಾಗಿಲು ತೆರೆದದ್ದು 1965ರ ಕಾಯಿದೆ. ಪೂಜೆಯಲ್ಲಿ ಇಂಗ್ಲಿಷ್ ಬಳಸಬಹುದೆಂದು ಅವರ ಮಹಾಸಭೆ ಒಪ್ಪಿದ್ದು 1970ರಲ್ಲಿ, ಬಹಳ ಜಗಳದ ನಡುವೆ. ಭಾಷೆ ಸಡಿಲವಾದರೂ ಜನ ಚದುರದಂತೆ ಕುಣಿತ, ಅಡುಗೆ, ಚರ್ಚು ಹಿಡಿದಿಟ್ಟಿವೆ. ಇದು ಸಣ್ಣ ಸಾಧನೆಯಲ್ಲ. ಅತಿಥಿಸತ್ಕಾರವಾಗಿ ಈ ಹಬ್ಬಕ್ಕೆ ನಾವು ಪೂರ್ತಿ ಅಂಕ ಕೊಡುತ್ತೇವೆ. ಸಂಸ್ಕೃತಿಯ ಪರಿಚಯವಾಗಿ ಅರ್ಧ ಮಾತ್ರ. ಅರ್ಥ ಹೇಳುವ ಅಜ್ಜಿಯನ್ನು ಒಲೆಯ ಮುಂದೆ ನಿಲ್ಲಿಸಿ ಮೈಕನ್ನು ಬೇರೆಯವರಿಗೆ ಕೊಟ್ಟದ್ದು ನಮಗೆ ಸರಿ ಕಾಣಲಿಲ್ಲ.

ವಾಪಸು ಬರುವಾಗ ಕಾರಿನಲ್ಲಿ ನಮ್ಮ ಮಗಳು, ಯುಗಾದಿಗೆ ತಾನು ಕುಣಿದ ಜಾನಪದ ಗೀತೆಯ ಅರ್ಥ ಕೇಳಿದಳು. ಎರಡು ಸಾಲು ಹೇಳಿದೆವು. ಮೂರನೆಯದಕ್ಕೆ ನಾವೇ ತಡವರಿಸಿ, ಊರಿಗೆ ಫೋನು ಮಾಡಬೇಕಾಯಿತು. ಕಾರ್ಯಕಾರಿ ಸಮಿತಿಯವರಲ್ಲಿ ಒಂದು ಕೋರಿಕೆ: ಈ ನವೆಂಬರಿನ ಕಾರ್ಯಕ್ರಮದಲ್ಲಿ ಪ್ರತಿ ನೃತ್ಯಕ್ಕೂ ಮುಂಚೆ ಅದರ ಹಾಡಿನ ಅರ್ಥವನ್ನು ಕುಣಿಯುವ ಮಕ್ಕಳೇ ಎರಡು ಮಾತು ಕನ್ನಡದಲ್ಲಿ ಹೇಳುವಂತಾಗಲಿ. ಹೇಳಿಕೊಡಲು ನಮ್ಮ ಅತ್ತೆಯವರು ಭಾನುವಾರ ಮಧ್ಯಾಹ್ನ ಮನೆಯಲ್ಲೇ ಇರುತ್ತಾರೆ.