ಯಮುನಕ್ಕನನ್ನು ಯಾರು ಕೇಳಿದರು?

ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ ಬಂದದ್ದು 1977ರಲ್ಲಿ. ಅನಂತಮೂರ್ತಿಯವರ ಕಥೆ, ಕಾಸರವಳ್ಳಿಯವರ ಮೊದಲ ಸಿನಿಮಾ, ಮೊದಲನೆಯದಕ್ಕೇ ಸ್ವರ್ಣಕಮಲ. ಹಳೆಯ ಪ್ರಿಂಟನ್ನು ಸರಿಪಡಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದಾಗ ನನ್ನ ಫೀಡ್ ತುಂಬ ಅದೇ ಸುದ್ದಿ. ನಾನು ಓದಿದ್ದರಲ್ಲಿ ಹೆಚ್ಚಿನವರು ಬರೆದದ್ದು ಅಗ್ರಹಾರದ ಕ್ರೌರ್ಯದ ಬಗ್ಗೆ, ತಲೆ ಬೋಳಿಸಿಕೊಂಡು ಕೂತ ವಿಧವೆಯ ಬಗ್ಗೆ, ಪುಟ್ಟ ನಾಣಿಯ ಮುಗ್ಧತೆ ಮುರಿದದ್ದರ ಬಗ್ಗೆ. ಎಲ್ಲ ಸರಿ. ಆದರೆ ಆ ಸಿನಿಮಾದ ನಟ್ಟನಡುವೆ ಒಂದು ಗರ್ಭಪಾತ ಇದೆ. ಅದೊಂದನ್ನ ಮಾತ್ರ ಎಲ್ಲರೂ ಮೆತ್ತಗೆ ದಾಟಿ ಹೋಗಿದ್ರು. ನನಗೆ ಅಲ್ಲೇ ಸ್ವಲ್ಪ ನಿಲ್ಲಬೇಕು ಅನ್ನಿಸ್ತು.

ನೋಡದವರಿಗೆ ನಾಲ್ಕು ಮಾತು. ಉಡುಪರು ಅಗ್ರಹಾರದಲ್ಲಿ ವೇದಪಾಠಶಾಲೆ ನಡೆಸ್ತಿದಾರೆ. ಮಗಳು ಯಮುನಾ ಎಳೆ ವಯಸ್ಸಿನ ವಿಧವೆ. ಅಲ್ಲಿಗೆ ಕಲಿಯೋಕೆ ಬಂದ ನಾಣಿಗೆ ಅವಳು ಯಮುನಕ್ಕ. ಅಪ್ಪ ಊರಲ್ಲಿಲ್ಲದ ದಿನಗಳಲ್ಲಿ ಅವಳು ಬಸಿರಾಗಿರೋದು ಗೊತ್ತಾಗುತ್ತೆ. ಕಾರಣ ಊರಿನ ಶಾಲೆಯ ಮೇಷ್ಟ್ರು. ಅವಳು ಹುತ್ತಕ್ಕೆ ಕೈ ಹಾಕಿ ಸಾಯೋಕೆ ನೋಡ್ತಾಳೆ. ಮೇಷ್ಟ್ರು ಊರಾಚೆ ಗುಟ್ಟಾಗಿ ಗರ್ಭ ತೆಗೆಸೋ ವ್ಯವಸ್ಥೆ ಮಾಡಿ ಆಮೇಲೆ ಕೈ ತೊಳೆದುಕೊಳ್ತಾನೆ. ಊರು ಅವಳನ್ನು ಹೊರಗೆ ಹಾಕುತ್ತೆ. ಅಪ್ಪ ಗಡಿಗೆ ಒಡೆದು, ಬದುಕಿರೋ ಮಗಳಿಗೇ ಶ್ರಾದ್ಧ ಮಾಡ್ತಾನೆ. ಮಾಡಿ ಮುಗಿಸಿ, ತಾನು ಇನ್ನೊಂದು ಮದುವೆಗೆ ತಯಾರಾಗ್ತಾನೆ. ಹುಡುಗಿ ಇನ್ನೂ ಹದಿಹರೆಯದವಳು.

ಈ ಕಥೆಯಲ್ಲಿ ಯಮುನಕ್ಕನ ಬಗ್ಗೆ ಎಲ್ಲರಿಗೂ ಒಂದೊಂದು ತೀರ್ಮಾನ ಇದೆ. ಪಾಠಶಾಲೆಯ ದೊಡ್ಡ ಹುಡುಗರಿಗೆ ಇದೆ, ಅಕ್ಕಪಕ್ಕದವರಿಗೆ ಇದೆ, ಮೇಷ್ಟ್ರಿಗೆ ಇದೆ, ಅಪ್ಪನಿಗೆ ಇದೆ. “ನಿಂಗೇನು ಬೇಕು?” ಅಂತ ಕೂತು ಕೇಳುವವರು ಒಬ್ಬರೂ ಇಲ್ಲ. ಅವಳು ಮಗುವನ್ನು ಹೆತ್ತು ಸಾಕಬೇಕು ಅಂದುಕೊಂಡಿದ್ದಳಾ? ತೆಗೆಸಿಕೊಂಡು ಹೊಸದಾಗಿ ಬದುಕಬೇಕು ಅಂದುಕೊಂಡಿದ್ದಳಾ? ಸಿನಿಮಾ ಮುಗಿದ ಮೇಲೂ ನಮಗೆ ಗೊತ್ತಾಗೋದಿಲ್ಲ. ಗರ್ಭಪಾತ ಆಯ್ತಾ ಇಲ್ವಾ ಅನ್ನೋದು ಒಂದು ಪ್ರಶ್ನೆ. ಅದನ್ನು ಯಾರು ನಿರ್ಧರಿಸಿದರು ಅನ್ನೋದು ಬೇರೆಯೇ ಪ್ರಶ್ನೆ. ನಮ್ಮ ದೇಶದ ಗರ್ಭಪಾತದ ಚರ್ಚೆಯೆಲ್ಲ ಮೊದಲನೇ ಪ್ರಶ್ನೆಯಲ್ಲೇ ಸುತ್ತುತ್ತೆ.

2022ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 1973ರ ‘ರೋ ವರ್ಸಸ್ ವೇಡ್’ ತೀರ್ಪನ್ನು ಅಳಿಸಿ ಹಾಕಿದಾಗ ನಮ್ಮ ಆಫೀಸಿನ ಗ್ರೂಪಿನಲ್ಲಿ ಒಂದು ಫಾರ್ವರ್ಡ್ ಓಡಾಡ್ತು. ‘ನೋಡಿ, ನಮ್ಮಲ್ಲಿ 1971ರಿಂದಲೇ ಇದು ಕಾನೂನುಬದ್ಧ, ಅಮೆರಿಕಾನೇ ನಮ್ಮಿಂದ ಕಲೀಬೇಕು’ ಅಂತ. ಹೆಮ್ಮೆ ಪಡೋಕೆ ಕಾರಣ ಇಲ್ಲ ಅನ್ನಲ್ಲ. ಆದರೆ ಆ ಕಾನೂನು ನಿಜವಾಗಿ ಏನು ಹೇಳುತ್ತೆ?

1860ರ ದಂಡ ಸಂಹಿತೆಯ 312ನೇ ಕಲಂ ಪ್ರಕಾರ ಗರ್ಭಪಾತ ಅಪರಾಧ. ಮಾಡಿದವರಿಗೆ ಮೂರು ವರ್ಷದವರೆಗೆ, ಹೊಟ್ಟೆಯಲ್ಲಿ ಕೂಸು ಅಲುಗಾಡೋ ಹಂತ ಬಂದಿದ್ದರೆ ಏಳು ವರ್ಷದವರೆಗೆ ಜೈಲು. ತಾನೇ ಮಾಡಿಕೊಂಡ ಹೆಂಗಸೂ ಅಪರಾಧಿ. ಯಮುನಕ್ಕನ ತಲೆ ಮೇಲೆ ಅಗ್ರಹಾರದ ಜೊತೆ ಈ ಕಲಮೂ ತೂಗ್ತಿತ್ತು ಅನ್ನೋದನ್ನ ನಾವು ಮರೀತೀವಿ. 1971ರ ಎಂಟಿಪಿ ಕಾಯ್ದೆ ಈ ಕಲಮನ್ನು ತೆಗೆದು ಹಾಕಲಿಲ್ಲ. ಇಂತಿಂಥ ಸಂದರ್ಭದಲ್ಲಿ, ಇಷ್ಟು ವಾರದೊಳಗೆ, ನೋಂದಾಯಿತ ವೈದ್ಯರು ಒಳ್ಳೆಯ ಉದ್ದೇಶದಿಂದ ಮಾಡಿದರೆ ಅವರು ತಪ್ಪಿತಸ್ಥರಲ್ಲ ಅಂದಿತು, ಅಷ್ಟೇ. ಅಂದ್ರೆ ರಕ್ಷಣೆ ಸಿಕ್ಕಿದ್ದು ಡಾಕ್ಟರಿಗೆ. 2024ರ ಜುಲೈನಲ್ಲಿ ಹಳೇ ದಂಡ ಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತಲ್ಲ, ಅದರಲ್ಲೂ ಈ ಅಪರಾಧ 88ನೇ ಕಲಮಾಗಿ ಹಾಗೇ ಮುಂದುವರಿದಿದೆ.

2021ರ ತಿದ್ದುಪಡಿ ವಾರಗಳನ್ನು ಹೆಚ್ಚಿಸಿತು. 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. ಅತ್ಯಾಚಾರಕ್ಕೆ ಒಳಗಾದವರು, ಅಪ್ರಾಪ್ತ ವಯಸ್ಸಿನವರು, ಗರ್ಭಿಣಿಯಾಗಿದ್ದಾಗಲೇ ಗಂಡನನ್ನು ಕಳೆದುಕೊಂಡವರು ಅಥವಾ ವಿಚ್ಛೇದನ ಆದವರು, ಹೀಗೆ ಕೆಲವರಿಗೆ 24ರವರೆಗೆ, ಇಬ್ಬರು ವೈದ್ಯರು ಒಪ್ಪಿದರೆ. ಆಮೇಲೇನಿದ್ದರೂ ಭ್ರೂಣದಲ್ಲಿ ಗಂಭೀರ ತೊಂದರೆ ಇದೆ ಅಂತ ಮೆಡಿಕಲ್ ಬೋರ್ಡ್ ಹೇಳಬೇಕು, ಇಲ್ಲವೇ ತಾಯಿಯ ಜೀವಕ್ಕೇ ಕುತ್ತು ಬಂದಿರಬೇಕು. ‘ಗರ್ಭನಿರೋಧಕ ವಿಫಲವಾದರೆ’ ಅನ್ನೋ ಕಡೆ ಮೊದಲು ‘ವಿವಾಹಿತ ಮಹಿಳೆ ಮತ್ತು ಆಕೆಯ ಗಂಡ’ ಇದ್ದದ್ದು ‘ಯಾವುದೇ ಮಹಿಳೆ ಮತ್ತು ಆಕೆಯ ಸಂಗಾತಿ’ ಅಂತ ಆಯ್ತು. ದೊಡ್ಡ ಬದಲಾವಣೆಯೇ. ಆದರೂ ಮೊದಲ ವಾರದಲ್ಲೇ ಆಗಲಿ, ‘ನನಗೆ ಬೇಡ’ ಅನ್ನೋ ಒಂದು ಮಾತು ಕಾನೂನಿನಲ್ಲಿ ಸಾಕಾಗೋದಿಲ್ಲ. ಆ ‘ಬೇಡ’ವನ್ನು ವೈದ್ಯರು ಕಾನೂನು ಒಪ್ಪುವ ಒಂದು ಕಾರಣಕ್ಕೆ ಅನುವಾದ ಮಾಡಿ ಬರೆಯಬೇಕು.

ಒಳ್ಳೆಯ ಡಾಕ್ಟರ್ ಸಿಕ್ಕಿದರೆ ಇದು ಎರಡು ನಿಮಿಷದ ಕೆಲಸ. ಸಿಗದಿದ್ದರೆ? ಪೀಜಿಯಲ್ಲಿದ್ದ ನನ್ನ ಗೆಳತಿಯೊಬ್ಬಳ ಜೊತೆ ನಾನೂ ಒಂದು ಖಾಸಗಿ ಆಸ್ಪತ್ರೆಗೆ ಹೋಗಿದ್ದೆ. ಅವಳಿಗೆ 28 ವರ್ಷ, ಒಂದು ಟೀಮ್ ನಡೆಸ್ತಾಳೆ. ಕೌಂಟರಿನಲ್ಲಿ ಕೇಳಿದ ಮೊದಲ ಪ್ರಶ್ನೆ, “ಹಸ್ಬೆಂಡ್ ಬಂದಿದಾರಾ ಮೇಡಂ?” ಇಲ್ಲ, ಮದುವೆ ಆಗಿಲ್ಲ ಅಂದಳು. “ಹಾಗಾದ್ರೆ ಅಪ್ಪ ಅಮ್ಮ ಯಾರಾದ್ರೂ ಬಂದು ಸೈನ್ ಹಾಕ್ಬೇಕು.” ಕಾಯ್ದೆಯಲ್ಲಿ ಹಾಗೆಲ್ಲೂ ಇಲ್ಲ. 18 ತುಂಬಿದ, ಮಾನಸಿಕ ಅಸ್ವಸ್ಥತೆ ಇಲ್ಲದ ಹೆಂಗಸಿಗೆ ಅವಳ ಒಪ್ಪಿಗೆ ಒಂದೇ ಸಾಕು. ಗಂಡನದ್ದೂ ಬೇಡ, ಅಪ್ಪನದ್ದೂ ಬೇಡ. ಅದನ್ನ ಹೇಳಿದ್ವಿ. “ನಮ್ಮಲ್ಲಿ ರೂಲ್ಸ್ ಇರೋದು ಹೀಗೇ” ಅಂದ್ರು. ಬೇರೆ ಕಡೆ ಹೋದ್ವಿ, ಕೆಲಸ ಆಯ್ತು. ಅವಳ ಹತ್ರ ದುಡ್ಡಿತ್ತು, ಇಂಗ್ಲಿಷಿತ್ತು, ಇನ್ನೊಂದು ಆಸ್ಪತ್ರೆಗೆ ಹೋಗೋಕೆ ಕ್ಯಾಬ್ ಇತ್ತು.

ಅದೇ 2022ರ ಸೆಪ್ಟೆಂಬರ್ 29ರಂದು ನಮ್ಮ ಸುಪ್ರೀಂ ಕೋರ್ಟ್ ಒಂದು ಒಳ್ಳೇ ತೀರ್ಪು ಕೊಟ್ಟಿತು. ಸಂಗಾತಿ ಮದುವೆಗೆ ಒಲ್ಲೆ ಅಂದಿದ್ದ 25 ವರ್ಷದ ಅವಿವಾಹಿತೆಯ ಪ್ರಕರಣ ಅದು. ಮದುವೆಯಾಗಿಲ್ಲ ಅನ್ನೋ ಕಾರಣಕ್ಕೆ 20ರಿಂದ 24 ವಾರದ ಅವಕಾಶ ತಪ್ಪಿಸುವ ಹಾಗಿಲ್ಲ ಅಂತ ನ್ಯಾಯಾಲಯ ಹೇಳಿತು. ಗಂಡನ ಬಲಾತ್ಕಾರವನ್ನೂ ಈ ಕಾಯ್ದೆಯ ಮಟ್ಟಿಗೆ ಅತ್ಯಾಚಾರ ಅಂತಲೇ ಪರಿಗಣಿಸಬೇಕು ಅಂದಿತು. ನಾವೆಲ್ಲ ಸ್ಟೇಟಸ್ ಹಾಕಿಕೊಂಡ್ವಿ.

ಒಂದೇ ವರ್ಷಕ್ಕೆ, 2023ರ ಅಕ್ಟೋಬರ್‌ನಲ್ಲಿ, ಇನ್ನೊಬ್ಬಳು ಅದೇ ನ್ಯಾಯಾಲಯಕ್ಕೆ ಬಂದಳು. ಮದುವೆಯಾದವಳು, ಎರಡು ಮಕ್ಕಳು, ಹೆರಿಗೆ ನಂತರದ ಮಾನಸಿಕ ಕಾಯಿಲೆಗೆ ಚಿಕಿತ್ಸೆ ನಡೀತಿತ್ತು. ಎದೆಹಾಲು ಕುಡಿಸ್ತಿದ್ದರಿಂದ ಮುಟ್ಟು ನಿಂತದ್ದು ಸಹಜ ಅಂದ್ಕೊಂಡಿದ್ದಳು. ಗೊತ್ತಾಗೋ ಹೊತ್ತಿಗೆ ತಡವಾಗಿತ್ತು. ಮೊದಲು ಇಬ್ಬರು ನ್ಯಾಯಮೂರ್ತಿಗಳ ಪೀಠ ಒಪ್ಪಿತು. ಭ್ರೂಣ ಬದುಕುವ ಸಾಧ್ಯತೆ ಇದೆ, ಹೃದಯಬಡಿತ ನಿಲ್ಲಿಸಬೇಕಾ ಅಂತ ಏಮ್ಸ್ ವೈದ್ಯರು ಇಮೇಲ್ ಬರೆದರು. ಪೀಠ ಎರಡಾಯಿತು. ನ್ಯಾಯಮೂರ್ತಿ ಹಿಮಾ ಕೊಹ್ಲಿ ಹಿಂದೆ ಸರಿದರು. ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಮಾತ್ರ ಆಕೆಯ ನಿರ್ಧಾರವನ್ನು ಗೌರವಿಸಬೇಕು ಅಂತ ನಿಂತರು. ಕೊನೆಗೆ ಮೂವರ ಪೀಠ ಅನುಮತಿ ನಿರಾಕರಿಸಿತು. ಬೇಡವಾದರೆ ಹೆತ್ತು ದತ್ತು ಕೊಡಬಹುದು ಅಂದಿತು.

26 ವಾರ ದಾಟಿದ ಗರ್ಭದ ಪ್ರಶ್ನೆ ಸುಲಭದ್ದು ಅಂತ ನಾನು ಹೇಳಲ್ಲ. ಆ ಹಂತದಲ್ಲಿ ವೈದ್ಯರಿಗೆ ಕೈ ನಡುಗಿದರೆ ಅದು ಮನುಷ್ಯತ್ವವೇ. ನನ್ನ ತಕರಾರು ಬೇರೆ. ವೈದ್ಯರ ವರದಿ, ಬೋರ್ಡಿನ ವರದಿ, ಅವಳ ಔಷಧಿಯ ಚೀಟಿ, ಎಲ್ಲವನ್ನೂ ತೂಗಿದರು. ಎರಡು ಮಕ್ಕಳನ್ನು ಸಾಕ್ತಾ, ಕಾಯಿಲೆ ಜೊತೆ ಗುದ್ದಾಡ್ತಾ ಇರೋಳು ‘ನನ್ನಿಂದ ಆಗಲ್ಲ’ ಅಂದದ್ದು ಆ ತಕ್ಕಡಿಯಲ್ಲಿ ಎಲ್ಲಕ್ಕಿಂತ ಹಗುರವಾಯ್ತು.

ಇಲ್ಲಿ ಒಂದು ಗಟ್ಟಿ ಪ್ರಶ್ನೆ ಬರುತ್ತೆ, ನಮ್ಮ ಅಮ್ಮಂದಿರೇ ಕೇಳ್ತಾರೆ. “ಹಂಗೆ ಬಿಟ್ಟುಬಿಟ್ರೆ ಹೆಣ್ಣುಕೂಸನ್ನೆಲ್ಲ ತೆಗೆಸ್ತಾರಲ್ಲೇ?” ಪ್ರಶ್ನೆ ನಿಜವಾದದ್ದು. 2023ರ ಕೊನೆಯಲ್ಲಿ ಮಂಡ್ಯ ಜಿಲ್ಲೆಯ ಆಲೆಮನೆಯಲ್ಲಿ ಸ್ಕ್ಯಾನಿಂಗ್ ಮಷೀನ್ ಇಟ್ಟು ಭ್ರೂಣದ ಲಿಂಗ ಪತ್ತೆ ಮಾಡ್ತಿದ್ದ ಜಾಲ ಬಯಲಾಯ್ತು. ಬೆಲ್ಲ ಮಾಡೋ ಜಾಗ! ಆದರೆ ಲಿಂಗ ಪತ್ತೆ ತಡೆಯೋಕೆ 1994ರಿಂದ ಬೇರೆಯೇ ಕಾಯ್ದೆ ಇದೆ, ಅದನ್ನು ಬಿಗಿಯಾಗಿ ಜಾರಿ ಮಾಡಬೇಕು. ಇನ್ನೊಂದು, ಗಂಡುಮಗು ಹೆರದಿದ್ದರೆ ಮನೆಯಲ್ಲಿ ಜಾಗ ಇಲ್ಲ ಅನ್ನೋ ಭಯದಲ್ಲಿ ಆಲೆಮನೆಯ ಒಳಗೆ ಹೋಗೋಳಿಗೆ ಸ್ವಂತ ನಿರ್ಧಾರ ಅಂತ ಎಷ್ಟು ಉಳಿದಿರುತ್ತೆ? ಬೇಡದ ಬಸಿರನ್ನು ಹೊರಿಸೋದು, ಬೇಕಾದ ಬಸಿರನ್ನು ತೆಗೆಸೋದು ಎರಡೂ ಒಂದೇ ಕಡೆಯಿಂದ ಬರ್ತವೆ. ಹೆಂಗಸಿನ ಮಾತಿಗೆ ಬೆಲೆ ಕೊಟ್ಟರೆ ಎರಡನ್ನೂ ಎದುರಿಸಬಹುದು. ಅವಳಿಂದ ನಿರ್ಧಾರ ಕಿತ್ತುಕೊಂಡು ಹೆಣ್ಣುಕೂಸನ್ನು ಉಳಿಸ್ತೀವಿ ಅನ್ನೋ ಲೆಕ್ಕ ನನಗಂತೂ ಕೂಡಿ ಬರೋದಿಲ್ಲ.

ಸಿನಿಮಾದ ಬಗ್ಗೆ ಕೊನೆಯ ಮಾತು. ‘ಘಟಶ್ರಾದ್ಧ’ವನ್ನು ನಾವು ನೋಡೋದು ನಾಣಿಯ ಕಣ್ಣಿನಿಂದ. ಅದೇ ಅದರ ಶಕ್ತಿ. ಹುಡುಗನಿಗೆ ಅರ್ಥವಾಗದ್ದು ನಮಗೆ ಅರ್ಥವಾಗಿ ಹೊಟ್ಟೆ ಕಿವುಚುತ್ತೆ. ಆದರೆ ಮಿತಿಯೂ ಅದೇ. ಯಮುನಕ್ಕನಿಗಾಗಿ ಅಳೋಕೆ ಸಿನಿಮಾ ನಮಗೆ ಕಲಿಸುತ್ತೆ, ಅವಳ ತಲೆಯಲ್ಲಿ ಏನು ಓಡ್ತಿತ್ತು ಅಂತ ಕೇಳೋಕೆ ಕಲಿಸೋದಿಲ್ಲ. ನಮ್ಮ ಪೇಪರುಗಳೂ ಹಾಗೇ ಬರೀತವೆ, ‘ಗರ್ಭಪಾತಕ್ಕೆ ಹೈಕೋರ್ಟ್ ಅನುಮತಿ’ ಅಂತ. ಓದಿ ನಿಟ್ಟುಸಿರು ಬಿಡ್ತೀವಿ, ಪಾಪ ಅಂತೀವಿ. ಕನಿಕರ ಬೇಕಾದಷ್ಟಿದೆ ನಮ್ಮಲ್ಲಿ.

ನನಗೆ ಬೇಕಾಗಿರೋದು ಇಷ್ಟು: ಒಪ್ಪಿಗೆ ಕೊಟ್ಟ ಹೆಂಗಸಿನ ಗರ್ಭಪಾತ ದಂಡ ಸಂಹಿತೆಯಿಂದ ಹೊರಗೆ ಬರಲಿ. ಮೊದಲ ತಿಂಗಳುಗಳಲ್ಲಾದರೂ ಅವಳ ಮಾತೇ ಸಾಕಾಗಲಿ. ತಡವಾದ ಕಷ್ಟದ ಪ್ರಕರಣಗಳಲ್ಲಿ ವೈದ್ಯರು ಸಲಹೆ ಕೊಡಲಿ, ಅಪಾಯ ತಿಳಿಸಲಿ, ಆದರೆ ತೂಕದ ಮೊದಲ ಕಲ್ಲು ಅವಳದ್ದಾಗಿರಲಿ. ಅಲ್ಲೀವರೆಗೆ, ಯಾರ ಜೊತೆಗಾದರೂ ಆಸ್ಪತ್ರೆಗೆ ಹೋದಾಗ ಕೌಂಟರಿನಲ್ಲಿ ಗಂಡನ ಸೈನ್ ಕೇಳಿದರೆ, ಯಾವ ಕಾಯ್ದೆಯಲ್ಲಿದೆ ಅಂತ ಕೇಳಿ. ಬರವಣಿಗೆಯಲ್ಲಿ ಕೊಡಿ ಅನ್ನಿ. ಇನ್ನೂ ಒಂದು ವಿಷಯ ನೆನಪಿರಲಿ: 2021ರಿಂದ ಅವಳ ಹೆರು ಮತ್ತು ವಿವರಗಳನ್ನು ಕಾನೂನು ಹೇಳಿದವರನ್ನು ಬಿಟ್ಟು ಬೇರೆಯವರಿಗೆ ತಿಳಿಸಿದರೆ ವೈದ್ಯರಿಗೆ ಒಂದು ವರ್ಷದವರೆಗೆ ಜೈಲಾಗಬಹುದು. ಅದನ್ನೂ ಅಲ್ಲೇ, ಸ್ವಲ್ಪ ಜೋರಾಗಿಯೇ ಹೇಳಿ.