ಖಾಲಿ ಬ್ಯಾಗಿನ ತೂಕ

ಬ್ಯಾಗಿನ ಅಂಗಡಿಯಲ್ಲಿ ಮಾತೆಲ್ಲ ಲೀಟರಿನಲ್ಲೇ ನಡೆಯುತ್ತದೆ. ಮೂವತ್ತು ಲೀಟರಾ, ನಲವತ್ತಾ, ನಲವತ್ತೈದಾ? ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಮಾತ್ರ ಲೀಟರು ಕೇಳುವವರಿಲ್ಲ. ಅನುಮಾನ ಬಂದರೆ ತೂಕದ ಮೇಲೆ ಇಡಿ ಅನ್ನುತ್ತಾರೆ, ಅಷ್ಟೆ. ಎಕಾನಮಿ ಟಿಕೆಟಿನವರಿಗೆ ಕ್ಯಾಬಿನ್ ಬ್ಯಾಗಿನ ಮಿತಿ ಸಾಮಾನ್ಯವಾಗಿ ಏಳು ಕೆಜಿ. ಚೆಕ್-ಇನ್ ಲಗೇಜಿನ ಗೋಜಿಲ್ಲದೆ ಬೆನ್ನಿಗೊಂದೇ ಬ್ಯಾಗು ಏರಿಸಿ ಹೊರಟುಬಿಡುವ 'ಒನ್ ಬ್ಯಾಗ್' ಪ್ರವಾಸದ ಖಯಾಲಿ ಈಗ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಕಡೆ ಜೋರಾಗಿದೆ. ಅದಕ್ಕೆಂದೇ ಹೊಲಿದ ಬ್ಯಾಗುಗಳೂ ಮಾರುಕಟ್ಟೆಗೆ ಬಂದಿವೆ. ಅವುಗಳಲ್ಲಿ ಹೆಚ್ಚಿನವು ನಮ್ಮ ಓಡಾಟಕ್ಕೆ ದೊಡ್ಡವು, ಅದಕ್ಕಿಂತ ಮುಖ್ಯವಾಗಿ ಭಾರದವು ಎಂಬುದು ನನ್ನ ತಕರಾರು.

ಅಳತೆಯಿಂದಲೇ ಹಿಡಿಯೋಣ. ಇಂಡಿಗೊ ಹೇಳುವ ಮಿತಿ 55, 35, 25 ಸೆಂಟಿಮೀಟರು. ಏರ್ ಇಂಡಿಯಾದ್ದು 55, 40, 20. ಯಾವುದನ್ನು ಕೂಡಿಸಿದರೂ 115 ಬರುತ್ತದೆ. ಗುಣಿಸಿದರೆ ಮಾತ್ರ ಮೊದಲನೆಯದು 48 ಲೀಟರು, ಎರಡನೆಯದು 44. ಎರಡೂ ಕಡೆ ಸಲ್ಲುವ ಬ್ಯಾಗು ಬೇಕೆಂದರೆ 55, 35, 20ರೊಳಗೆ ಇರಬೇಕು; ಅದು 38 ಲೀಟರಿಗಿಂತ ಚೂರು ಜಾಸ್ತಿ. ಬ್ಯಾಗಿನ ಮೂಲೆಗಳು ದುಂಡಗಿರುತ್ತವಾದ್ದರಿಂದ ಕೈಗೆ ದಕ್ಕುವುದು ಮೂವತ್ತೈದರ ಆಸುಪಾಸು. ನಲವತ್ತೈದು ಲೀಟರಿನ 'ಕ್ಯಾಬಿನ್ ಬ್ಯಾಗ್' ಎಂದು ಚೀಟಿ ಅಂಟಿಸಿ ಮಾರುವವರು ಈ ಗುಣಾಕಾರವನ್ನು ಗಿರಾಕಿಯ ಪಾಲಿಗೆ ಬಿಟ್ಟಿರುತ್ತಾರೆ.

ಇನ್ನು ತೂಕ. ಐಟಿಯವನ ಬೆನ್ನಿನಿಂದ ಲ್ಯಾಪ್‌ಟಾಪ್ ಇಳಿಯುವುದಿಲ್ಲ. ರಜೆ ಹಾಕಿದ್ದರೂ 'ಆನ್ ಕಾಲ್' ಇದ್ದೇ ಇರುತ್ತದೆ. ಹದಿನಾಲ್ಕು ಇಂಚಿನದು, ಚಾರ್ಜರ್ ಸೇರಿಸಿ ಎರಡು ಕೆಜಿಗೆ ಹತ್ತಿರ. ಪವರ್ ಬ್ಯಾಂಕು, ಫೋನಿನ ವೈರು, ಸೋಪು ಪೇಸ್ಟು ಎಂದು ಇನ್ನೊಂದು ಕೆಜಿ. ಪವರ್ ಬ್ಯಾಂಕನ್ನು ಚೆಕ್-ಇನ್‌ನಲ್ಲಿ ಹಾಕುವಂತಿಲ್ಲವಾದ್ದರಿಂದ ಅದರ ಭಾರದಿಂದ ಹೇಗೂ ಬಿಡುಗಡೆಯಿಲ್ಲ. ಬ್ಯಾಗೇ ಒಂದೂವರೆ ಕೆಜಿ ಇದ್ದರೆ ಬಟ್ಟೆಗೆ, ಚಪ್ಪಲಿಗೆ, ನೆಂಟರ ಮನೆಯ ಸ್ವೀಟಿಗೆ ಉಳಿಯುವುದು ಎರಡೂವರೆ ಕೆಜಿ. ಒಂದು ಜೀನ್ಸ್ ಪ್ಯಾಂಟೇ ಮುಕ್ಕಾಲು ಕೆಜಿ ತೂಗುವ ಲೋಕದಲ್ಲಿ ಇದು ಏನೇನೂ ಅಲ್ಲ. ಬ್ಯಾಗಿನಲ್ಲಿ ಜಾಗ ಉಳಿದಿರುತ್ತದೆ, ತೂಕ ಮುಗಿದಿರುತ್ತದೆ. ಆದ್ದರಿಂದ ಬ್ಯಾಗು ಕೊಳ್ಳುವಾಗ ಮೊದಲು ಓದಬೇಕಾದ ಸಂಖ್ಯೆ ಖಾಲಿ ತೂಕ. ಅದನ್ನೇ ಚೀಟಿಯಲ್ಲಿ ಅತಿ ಚಿಕ್ಕ ಅಕ್ಷರದಲ್ಲಿ ಹಾಕಿರುತ್ತಾರೆ, ಹಾಕಿದ್ದರೆ.

ಇಂಡಿಗೊದವರು ಲ್ಯಾಪ್‌ಟಾಪಿನ ಚಿಕ್ಕ ಚೀಲಕ್ಕೆಂದು ಬೇರೆಯಾಗಿ ಮೂರು ಕೆಜಿ ಬಿಡುತ್ತಾರೆ. ಒಂದೇ ಬ್ಯಾಗಿನ ವ್ರತ ಹಿಡಿದವರಿಗೆ ಅದು ದಕ್ಕದು. ವ್ರತ ಮುರಿದವರಿಗೇ ಲಾಭ ಎಂಬುದು ಈ ಇಡೀ ಪಂಥದ ತಮಾಷೆ. ಆ ಮಾತಿಗೆ ಮತ್ತೆ ಬರುತ್ತೇನೆ.

ಈ ಖಯಾಲಿಗೆ ಕಾರಣವಿಲ್ಲದಿಲ್ಲ. ಚೆಕ್-ಇನ್ ಲಗೇಜು ಇಲ್ಲದವರಿಗೆ ಅಗ್ಗದ ಟಿಕೆಟ್ ಮಾರಬಹುದೆಂದು ವಿಮಾನಯಾನ ನಿಯಂತ್ರಕ ಡಿಜಿಸಿಎ 2021ರಲ್ಲಿ ಒಪ್ಪಿಗೆ ಕೊಟ್ಟಿತು. ಏರ್ ಇಂಡಿಯಾ ಎಕ್ಸ್‌ಪ್ರೆಸ್ 2024ರಲ್ಲಿ 'ಎಕ್ಸ್‌ಪ್ರೆಸ್ ಲೈಟ್' ಎಂಬ ದರವನ್ನೇ ತಂದಿತು. ಎಲೆಕ್ಟ್ರಾನಿಕ್ ಸಿಟಿಯಿಂದ ವಿಮಾನ ನಿಲ್ದಾಣ ಐವತ್ತು ಕಿಲೋಮೀಟರಿಗೂ ದೂರ. ರಾತ್ರಿ ಇಳಿದು, ಬೆಲ್ಟಿನ ಮುಂದೆ ಕಾದು, ಆಮೇಲೆ ಹೆಬ್ಬಾಳ, ಸಿಲ್ಕ್ ಬೋರ್ಡ್ ದಾಟಬೇಕಾದವರಿಗೆ ಅರ್ಧ ಗಂಟೆ ಉಳಿದರೂ ಉಳಿದಂತೆಯೇ.

ಆದರೆ ಬೆಂಗಳೂರಿನ ಈ ಕೈಗಾರಿಕಾ ಬಡಾವಣೆಗಳಲ್ಲಿ ಬದುಕುವವರು ವಿಮಾನ ಹತ್ತುವುದು ಅಪರೂಪಕ್ಕೆ. ಬ್ಯಾಗಿನ ನಿಜವಾದ ಪರೀಕ್ಷೆ ಶುಕ್ರವಾರ ಸಂಜೆ. ಬೆಳಗ್ಗೆ ಆಫೀಸಿಗೆ ತಂದ ಬ್ಯಾಗನ್ನೇ ಹೊತ್ತು ಊರಿನ ಬಸ್ಸು ಹಿಡಿಯಬೇಕು. ಪೀಣ್ಯದವರು ಗೊರಗುಂಟೆಪಾಳ್ಯದಲ್ಲೋ ಜಾಲಹಳ್ಳಿ ಕ್ರಾಸಿನಲ್ಲೋ ನಿಂತು ತುಮಕೂರು, ಶಿವಮೊಗ್ಗ, ಹುಬ್ಬಳ್ಳಿ ಬಸ್ಸಿಗೆ ಕೈ ಅಡ್ಡ ಹಾಕುತ್ತಾರೆ. (ಪೀಣ್ಯದಲ್ಲೇ ಬಸವೇಶ್ವರ ಬಸ್ ನಿಲ್ದಾಣವೆಂದು ದೊಡ್ಡದೊಂದನ್ನು ಕಟ್ಟಿದ್ದಾರೆ, ಜನ ಕಾಯುವುದು ರಸ್ತೆ ಬದಿಯಲ್ಲೇ.) ವೈಟ್‌ಫೀಲ್ಡಿನವರಿಗೆ 2023ರಿಂದ ಮೆಟ್ರೋದ ನೇರಳೆ ಮಾರ್ಗ, ಬೊಮ್ಮಸಂದ್ರದವರಿಗೆ 2025ರ ಆಗಸ್ಟಿನಿಂದ ಹಳದಿ ಮಾರ್ಗ. ಮೆಟ್ರೋದಲ್ಲಿ 15 ಕೆಜಿಯವರೆಗೆ ಅಡ್ಡಿಯಿಲ್ಲ, ಅಳತೆಯ ಮಿತಿಯೂ ಉದಾರ. ತೊಡಕಿರುವುದು ದಪ್ಪದಲ್ಲಿ. ಸಂಜೆ ಆರೂವರೆಗೆ ಬ್ಯಾಗನ್ನು ಎದೆಗೆ ಹಾಕಿಕೊಂಡು ನಿಂತಾಗ ಇಪ್ಪತ್ತು ಸೆಂಟಿಮೀಟರಿಗಿಂತ ದಪ್ಪದ ಬ್ಯಾಗು ಎದುರಿಗಿರುವವರ ಬೆನ್ನಿಗೆ ಒತ್ತುತ್ತದೆ, ಅವರು ತಿರುಗಿ ನೋಡುತ್ತಾರೆ.

ಬೈಕಿನವರ ಪಾಡು ಬೇರೆ. ಐವತ್ತೈದು ಸೆಂಟಿಮೀಟರು ಎತ್ತರದ ಬ್ಯಾಗಿನ ಬುಡ ಹಿಂದಿನ ಸೀಟಿಗೆ ತಾಗುತ್ತದೆ, ತಲೆ ಹೆಲ್ಮೆಟ್ಟಿಗೆ ತಾಗುತ್ತದೆ. ಕತ್ತು ಎತ್ತಿ ಸಿಗ್ನಲ್ ನೋಡಲಾಗದು; ಪ್ರತಿ ಹಂಪಿಗೂ ಹೆಲ್ಮೆಟ್ಟು ಹಣೆಯ ಮೇಲೆ ಜಾರುತ್ತದೆ. ಬ್ಯಾಗಿನ ತುದಿ ಕಾಲರಿಗಿಂತ ಮೇಲೇರಬಾರದು ಎಂಬ ಮಾತನ್ನು ಯಾವ ಕಂಪನಿಯೂ ಬರೆಯುವುದಿಲ್ಲ, ಅವರ ಗಿರಾಕಿ ಹೆಲ್ಮೆಟ್ ಹಾಕುವವನಲ್ಲ. ಅಂಗಡಿಗೆ ಹೋಗುವಾಗ ಹೆಲ್ಮೆಟ್ಟನ್ನೂ ಒಳಗೆ ಒಯ್ಯಿರಿ. ಹಾಕಿಕೊಂಡೇ ಬ್ಯಾಗು ಏರಿಸಿ ನೋಡಿ. ಸೇಲ್ಸಿನವರು ನಗಬಹುದು, ನಗಲಿ.

ಇನ್ನು ಬ್ಯಾಗುಗಳ ಗುಣದೋಷ. ನಮ್ಮಲ್ಲಿ ಅತಿ ಹೆಚ್ಚು ಓಡಾಡುವುದು ಕೊಂಡ ಬ್ಯಾಗಲ್ಲ, ಕೆಲಸಕ್ಕೆ ಸೇರಿದ ದಿನ ಕಂಪನಿ ಕೊಟ್ಟ ಲೋಗೋ ಹಾಕಿದ ಬ್ಯಾಗು. ಹಗುರ, ಪುಕ್ಕಟೆ, ಲ್ಯಾಪ್‌ಟಾಪಿಗೆ ಒಳ್ಳೆಯ ಜಾಗ. ಎರಡು ದಿನದ ಊರಿಗೆ ಸಾಕು. ಅದನ್ನು ಹೀಗಳೆಯುವುದು ಅನ್ಯಾಯ. ಮೂರನೆಯ ದಿನದ ಬಟ್ಟೆ ತುರುಕಿದಾಗ ಮಾತ್ರ ಜಿಪ್ಪು ಬಾಯಿ ಬಿಡುತ್ತದೆ. 1998ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ವೈಲ್ಡ್‌ಕ್ರಾಫ್ಟಿನ ಬೆಟ್ಟ ಹತ್ತುವ ಬ್ಯಾಗುಗಳು ಹೊರಲು ಹಿತ. ಆದರೆ ಮೇಲಿನಿಂದ ತೆರೆಯುವ ಯಾವ ಚಾರಣದ ಬ್ಯಾಗಿಗೂ ಒಂದೇ ದೋಷ: ತಳದಲ್ಲಿರುವ ಬನಿಯನ್ನು ಬೇಕೆಂದರೆ ಸ್ಲೀಪರ್ ಬಸ್ಸಿನ ಮೇಲಿನ ಬರ್ತಿನಲ್ಲಿ, ಕತ್ತಲಲ್ಲಿ, ಇಡೀ ಸಂಸಾರವನ್ನು ಹೊರಗೆ ಹರಡಬೇಕು. 2009ರಲ್ಲಿ ಸರ್ಜಾಪುರ ರಸ್ತೆಯಲ್ಲಿ ದೇಶದ ತನ್ನ ಮೊದಲ ಅಂಗಡಿ ತೆರೆದ ಡೆಕಾಥ್ಲಾನಿನಲ್ಲಿ ಫೋರ್ಕ್ಲಾಜ್ ಟ್ರಾವೆಲ್ ಎಂಬ ಸಾಲಿದೆ. ಸೂಟ್‌ಕೇಸಿನ ಹಾಗೆ ಪೂರ್ತಿ ತೆರೆದುಕೊಳ್ಳುವ ಬ್ಯಾಗುಗಳು. ಬಳಸಲು ಸಲೀಸು ಎಂಬ ಒಂದೇ ಅಂಕದ ಮೇಲೆ ನಾನು ಇವಕ್ಕೆ ಮೊದಲ ಸ್ಥಾನ ಕೊಟ್ಟೇನು. ಆಫೀಸಿಗೆ ಒಯ್ದರೆ ಮಾತ್ರ ಹಿಮಾಲಯಕ್ಕೆ ಹೊರಟವರ ಹಾಗೆ ಕಾಣುತ್ತೀರಿ. 2020ರಲ್ಲಿ ಶುರುವಾದ ಮೊಕೊಬಾರಾದಂಥ ಹೊಸಬರು ಗೆದ್ದದ್ದು ಇಲ್ಲೇ, ಮೀಟಿಂಗಿನ ಕುರ್ಚಿಯ ಪಕ್ಕ ಇಟ್ಟರೆ ಕಣ್ಣು ಕುಕ್ಕದ ಬ್ಯಾಗು. ಆ ಅಂದಕ್ಕಾಗಿ ಗಟ್ಟಿ ಬೋರ್ಡು, ಹತ್ತಾರು ಒಳಜೇಬು ಸೇರಿಸಿದಾಗ ಗ್ರಾಮುಗಳೂ ಸೇರುತ್ತವೆ.

ಒನ್ ಬ್ಯಾಗ್ ಪಂಥದವರು ಎತ್ತಿ ಆಡುವ ಆಸ್ಪ್ರೆ ಫಾರ್‌ಪಾಯಿಂಟ್ 40ರ ಬಗ್ಗೆ ನನ್ನ ಮಾತು ಸ್ವಲ್ಪ ಕಟು. ಕಟ್ಟುಮಸ್ತಾದ ಬ್ಯಾಗು, ಹೊಲಿಗೆಯಲ್ಲಿ ತಪ್ಪು ಹುಡುಕುವುದು ಕಷ್ಟ. ಖಾಲಿ ತೂಕ ಒಂದೂವರೆ ಕೆಜಿಯ ಸುತ್ತಮುತ್ತ. ಸೊಂಟಕ್ಕೆ ಬಿಗಿಯುವ ದಪ್ಪ ಪಟ್ಟಿ, ಒಳಗೆ ಚೌಕಟ್ಟು. ಹನ್ನೆರಡು ಕೆಜಿ ಹೊತ್ತು ಯುರೋಪಿನ ಊರೂರು ನಡೆಯುವವರಿಗೆ ಅವೆಲ್ಲ ಬೇಕು. ಏಳು ಕೆಜಿಯ ಮಿತಿಯಲ್ಲಿರುವ ನಮಗೆ ಭಾರ ಹೊರಲೆಂದು ಕೊಟ್ಟ ಸಲಕರಣೆಯೇ ಭಾರ. ಬೆಲೆಯೋ, ಐದಂಕಿ.

ಬ್ರ್ಯಾಂಡಿಗಿಂತ ಹೊಲಿಗೆ ನೋಡುವುದು ಮೇಲು. ಅದನ್ನು ಕಲಿಯಲು ಪೀಣ್ಯಕ್ಕಿಂತ ಒಳ್ಳೆಯ ಶಾಲೆಯಿಲ್ಲ. ಅಲ್ಲಿನ ಗಾರ್ಮೆಂಟ್ಸುಗಳಲ್ಲಿ ಚೆಕಿಂಗ್ ಟೇಬಲ್ಲಿನ ಮುಂದೆ ನಿಲ್ಲುವ ಹೆಣ್ಣುಮಕ್ಕಳು ಯಾವ ಬಟ್ಟೆಯನ್ನಾದರೂ ಮೊದಲು ಒಳಮೈ ಮಾಡಿ ನೋಡುತ್ತಾರೆ. ಬ್ಯಾಗನ್ನೂ ಹಾಗೇ ನೋಡಬೇಕು. ಭುಜದ ಪಟ್ಟಿ ಬೆನ್ನಿಗೆ ಸೇರುವಲ್ಲಿ ಒತ್ತೊತ್ತಾಗಿ ಅಡ್ಡ ಹಾಕಿದ ಬಾರ್‌ಟ್ಯಾಕ್ ಇದೆಯೇ, ಅಥವಾ ಒಂದೇ ಸಾಲು ಹೊಲಿಗೆಯಲ್ಲಿ ಮುಗಿಸಿದ್ದಾರೆಯೇ? ಒಳಗಿನ ಅಂಚುಗಳಿಗೆ ಪಟ್ಟಿ ಕಟ್ಟಿದ್ದಾರೆಯೇ, ದಾರ ಬಿಚ್ಚಿಕೊಂಡಿದೆಯೇ? ಬಿಚ್ಚಿದ ಅಂಚಿನ ದಾರ ಜಿಪ್ಪಿನ ರನ್ನರಿಗೆ ಸಿಕ್ಕಿಕೊಳ್ಳುವುದು ಬಸ್ಸು ಹೊರಡುವ ಹೊತ್ತಿಗೇ. ಒಳಗಿನ ಪಿಯು ಲೇಪವನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿ. ನೀರು ತಡೆಯುವ ಆ ಲೇಪ ತೇವದಲ್ಲಿ ಕೆಲವು ವರ್ಷ ಇದ್ದರೆ ಅಂಟಂಟಾಗಿ ಉದುರತೊಡಗುತ್ತದೆ, ಬಿಳಿ ಅಂಗಿಗೆ ಮೆತ್ತಿಕೊಳ್ಳುತ್ತದೆ. ಮಳೆಗಾಲದಲ್ಲಿ ಬೀರುವಿನ ಮೇಲೆ ಮಡಚಿ ಎಸೆದಿಟ್ಟ ಬ್ಯಾಗಿಗೆ ಇದು ಬೇಗ ಬರುತ್ತದೆ. ಡೆನಿಯರ್ ಎಂಬ ಸಂಖ್ಯೆ ದಾರ ಎಷ್ಟು ದಪ್ಪ ಎಂದು ಹೇಳುತ್ತದೆಯೇ ಹೊರತು ಬಟ್ಟೆ ಎಷ್ಟು ಒಳ್ಳೆಯದು ಎಂದಲ್ಲ. ಒಳ್ಳೆಯ 420ರ ನೈಲಾನು ಕಳಪೆ 900ರ ಪಾಲಿಯೆಸ್ಟರಿಗಿಂತ ಹಗುರವಾಗಿಯೂ ಇದ್ದು ಹೆಚ್ಚು ಬಾಳುತ್ತದೆ.

ಬ್ಯಾಗಿನ ಜೊತೆ ಬರುವ ಉಪದೇಶದ ಬಗ್ಗೆಯೂ ಹೇಳಬೇಕು. ಎರಡೇ ಜೊತೆ ಬಟ್ಟೆ ಒಯ್ಯಿ, ರಾತ್ರಿ ಬೇಸಿನ್ನಿನಲ್ಲಿ ಒಗೆದು ಹಾಕು, ಬೆಳಗ್ಗೆ ತೊಡು ಎನ್ನುತ್ತಾರೆ. ಜುಲೈ ತಿಂಗಳಲ್ಲಿ ತೀರ್ಥಹಳ್ಳಿಯಲ್ಲೋ ಮಡಿಕೇರಿಯಲ್ಲೋ ಒಗೆದು ಹಾಕಿ ನೋಡಲಿ. ಮೂರು ದಿನ ಬಚ್ಚಲ ಒಲೆಯ ಪಕ್ಕ ಹರವಿದರೂ ಒಳ ಉಡುಪು ಒಣಗುವುದಿಲ್ಲ. ದುಬಾರಿ ಮೆರಿನೊ ಉಣ್ಣೆಯ ಅಂಗಿಗಿಂತ ನಮ್ಮ ಹತ್ತಿಯ ಲುಂಗಿಯೇ ಈ ಪಂಥಕ್ಕೆ ಹೆಚ್ಚು ಹತ್ತಿರ; ಉಡಲು, ಹೊದೆಯಲು, ಮೈ ಒರೆಸಲು, ಬರ್ತಿನ ಕೊಳಕು ಹಾಸಿನ ಮೇಲೆ ಹಾಸಲು ಒಂದೇ. ಅದನ್ನು ಯಾರೂ ಜಾಹೀರಾತು ಮಾಡುವುದಿಲ್ಲ.

ದೊಡ್ಡ ತೊಡಕು ಬರುವಾಗಿನದು. ಹೋಗುವಾಗ ಒಂದೇ ಬ್ಯಾಗಿನಲ್ಲಿ ಹೋಗಬಹುದು. ಹಬ್ಬ ಮುಗಿಸಿ ಹೊರಟಾಗ ಅಮ್ಮ ಕೊಟ್ಟ ಸಾರಿನಪುಡಿ, ಹಪ್ಪಳ, ಹಿತ್ತಲ ಬಾಳೆಗೊನೆಯ ಎರಡು ಚಿಪ್ಪು, ಅತ್ತೆ ಕೊಟ್ಟ ಮಿಡಿ ಉಪ್ಪಿನಕಾಯಿ ಎಲ್ಲಿಗೆ ಹೋಗಬೇಕು? 'ಬ್ಯಾಗಲ್ಲಿ ಜಾಗ ಇಲ್ಲಮ್ಮ' ಎನ್ನುವವರ ಮನೆಯಲ್ಲಿ ಆಗುವುದನ್ನು ವಿವರಿಸಬೇಕಿಲ್ಲ. ವಿಮಾನವಾದರಂತೂ ಉಪ್ಪಿನಕಾಯಿ ಸೆಕ್ಯೂರಿಟಿಯಲ್ಲೇ ನಿಲ್ಲಬಹುದು. ತಿಪಟೂರಿನ ಕೊಬ್ಬರಿಗೆ ಇನ್ನೂ ಕಷ್ಟ: ಎಣ್ಣೆಯಂಶದಿಂದ ತನ್ನಷ್ಟಕ್ಕೇ ಬಿಸಿಯೇರಬಲ್ಲ ವಸ್ತುವೆಂದು ವಿಮಾನಯಾನದ ನಿಯಮಗಳು ಅದನ್ನು ಅಪಾಯಕಾರಿ ಸರಕಿನ ಪಟ್ಟಿಯಲ್ಲಿಟ್ಟಿವೆ. ಕಲ್ಪತರು ನಾಡಿನವರಿಗೆ ಇದನ್ನು ಹೇಳಿದರೆ ನಂಬುವುದಿಲ್ಲ.

ಹಾಗಾಗಿ ಬ್ಯಾಗಿನ ಮುಂದಿನ ಜೇಬಿನಲ್ಲಿ ಮಡಚಿದ ತೆಳು ಬಟ್ಟೆಯ ಕೈಚೀಲವೊಂದು ಇರಲೇಬೇಕು. ಬಸ್ಸಿಗಾದರೆ ಬಾಳೆಹಣ್ಣೂ ಉಪ್ಪಿನಕಾಯಿಯೂ ಅದರಲ್ಲಿ ಬರುತ್ತವೆ. ಇಂಡಿಗೊ ಹತ್ತುವುದಾದರೆ ಲ್ಯಾಪ್‌ಟಾಪು, ಚಾರ್ಜರುಗಳನ್ನು ಆ ಕೈಚೀಲಕ್ಕೆ ಇಳಿಸಿ ಹೆಗಲಿಗೆ ಹಾಕಿಕೊಳ್ಳಿ. ಬಿಡುತ್ತೇವೆಂದ ಆ ಮೂರು ಕೆಜಿ ನಿಮ್ಮದಾಗುತ್ತದೆ. ಬೆನ್ನಿನ ಬ್ಯಾಗಿನಲ್ಲಿ ಖಾಲಿಯಾದ ಎರಡು ಕೆಜಿಗೆ ಸಾರಿನಪುಡಿ, ಹಪ್ಪಳ ಎರಡೂ ಹಿಡಿಸುತ್ತವೆ.